ಎಂಬತ್ತರ ದಶಕ ನೋಡದವರ ಎಂಬತ್ತರ ಸಂಗೀತ

ಮಾತಿಗೆ ಮೊದಲು ಎಂಟು ಸ್ವರ ಕೇಳಿ. ಸ ಗ ಪ ನಿ ಸ ನಿ ಪ ಗ. ಈ ಕೀಬೋರ್ಡಿನ ಹಾರ್ಮೋನಿಯಂ ಸದ್ದಿನಲ್ಲಿ ನಿಧಾನಕ್ಕೆ ನುಡಿಸುತ್ತಿದ್ದೇನೆ. ಅಂತರ ಗಾಂಧಾರ, ಕಾಕಲಿ ನಿಷಾದ. ಸಂಗೀತ ಕಲಿತವರು ಆಗಲೇ ತಲೆ ಆಡಿಸುತ್ತಿದ್ದೀರಿ. ಹೌದು, ಹಂಸಧ್ವನಿಯಿಂದ ರಿ ಕಿತ್ತು ಹಾಕಿದ ಹಾಗಿದೆ. ಕಚೇರಿ ಶುರು ಮಾಡುವಾಗ ಗಣಪತಿಗೆ ಕೈಮುಗಿದು ಹಾಡುವ ರಾಗ ಅದು. ಕೇಳಿದರೆ ಹಬ್ಬದ ಬೆಳಗ್ಗೆ ನೆನಪಾಗಬೇಕು.

ಈಗ ಅದೇ ಎಂಟು ಸ್ವರ, ಅದೇ ಕ್ರಮ. ಆದರೆ ಕೆಳಗಿನ ಸ್ಥಾಯಿಗೆ ಇಳಿಸಿದ್ದೇನೆ. ಹಾರ್ಮೋನಿಯಂ ತೆಗೆದು ಸಿಂಥಸೈಸರ್ ಸದ್ದು ಹಾಕಿದ್ದೇನೆ. ಸಿಂಥ್ ಅಂತಲೂ ಕರೆಯುತ್ತಾರೆ, ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಯಂತ್ರ. ಮೇಲಿನ ಹೊಳಪನ್ನೆಲ್ಲ ಫಿಲ್ಟರಿನಿಂದ ಮುಚ್ಚಿದ್ದೇನೆ. ಸುಮ್ನೆ ತಿರುಗಿ ತಿರುಗಿ ಬರಲಿ ಎಂದು ಬಿಡುತ್ತೇನೆ.

ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ, ಗೊತ್ತಾಯಿತು ಅವರಿಗೆ. 2016ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತದ ಸ್ವರಗಳು ಇವೇ. ಟೆಕ್ಸಾಸಿನ ಆಸ್ಟಿನ್ ಊರಿನ ‘ಸರ್ವೈವ್’ ತಂಡದ ಕೈಲ್ ಡಿಕ್ಸನ್ ಮತ್ತು ಮೈಕಲ್ ಸ್ಟೈನ್ ಮಾಡಿದ್ದು. ಮುಂದಿನ ವರ್ಷ ಅದಕ್ಕೆ ಅಮೆರಿಕದ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂತು. ಅದನ್ನು ಕೇಳಿ ಯಾರಿಗೂ ಹಬ್ಬ ನೆನಪಾಗುವುದಿಲ್ಲ. ಖಾಲಿ ರಸ್ತೆ, ಸೈಕಲ್ ಮೇಲಿನ ಮಕ್ಕಳು, ಕಾಡಿನೊಳಗೆ ಏನೋ ಇದೆ ಎಂಬ ಅಳುಕು, ಇವೆಲ್ಲ ನೆನಪಾಗುತ್ತವೆ.

ಸ್ವರ ಅದೇ. ಸದ್ದು ಬದಲಾಯಿತು, ಭಾವ ತಲೆಕೆಳಗಾಯಿತು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಹಳೇ ಸಿಂಥ್ ಸಂಗೀತ ಯಾಕೆ ಹೀಗೆ ಮನಸ್ಸನ್ನು ಹಿಂಡುತ್ತದೆ ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ನಾಸ್ಟಾಲ್ಜಿಯಾ, ಹಳೇ ದಿನಗಳ ನೆನಪು. ನನಗೆ ಆ ಉತ್ತರ ಸಾಲದು. ಇದನ್ನು ಹುಚ್ಚು ಹಿಡಿದವರಂತೆ ಕೇಳುವವರಲ್ಲಿ ಎಷ್ಟೋ ಜನ 1990ರ ನಂತರ ಹುಟ್ಟಿದವರು. ನೋಡದ ಕಾಲದ ನೆನಪು ಅವರಿಗೆ ಎಲ್ಲಿಂದ ಬರಬೇಕು? ಆ ಯಂತ್ರಗಳ ಸದ್ದಿನೊಳಗೇ ಏನೋ ಇದೆ. ಅದು ಏನು ಅಂತ ಇವತ್ತು ಸ್ವಲ್ಪ ಬಿಚ್ಚಿ ನೋಡೋಣ.

ಮೊದಲು ಈ ಸಂಗೀತ ಯಾವುದು ಅಂತ ಹೇಳಿಬಿಡುತ್ತೇನೆ. ಸಿಂಥ್‌ವೇವ್ ಎನ್ನುತ್ತಾರೆ. ಔಟ್‌ರನ್ ಎಂದೂ ಕರೆಯುವುದುಂಟು. 1986ರಲ್ಲಿ ಸೆಗಾ ಕಂಪನಿ ಆ ಹೆಸರಿನ ಕಾರ್ ಗೇಮ್ ತಂದಿತ್ತು. ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆ. ಅದರ ವಿಶೇಷ ಏನೆಂದರೆ ಆಟ ಶುರುವಾಗುವ ಮುಂಚೆ ಪರದೆ ಮೇಲೆ ಕಾರಿನ ರೇಡಿಯೋ ಬರುತ್ತಿತ್ತು. ಯಾವ ಹಾಡು ಬೇಕು ಅಂತ ನೀವೇ ಆರಿಸಬೇಕಿತ್ತು. ರಸ್ತೆಗಿಂತ ಮೊದಲು ಹಾಡು! ಈ ಸಂಗೀತದ ಅಭಿಮಾನಿಗಳ ಮನಸ್ಸು ಇಡೀ ಅಲ್ಲೇ ಇದೆ ನೋಡಿ.

ಎಂಬತ್ತರ ಅಮೆರಿಕದ ಸದ್ದು ಎಂದು ಎಲ್ಲರೂ ಅಂದುಕೊಳ್ಳುವ ಇದು ಹುಟ್ಟಿದ್ದು 2000ದ ದಶಕದ ಮಧ್ಯದಲ್ಲಿ, ಅದೂ ಫ್ರಾನ್ಸಿನಲ್ಲಿ. ಕಾವಿನ್ಸ್ಕಿ ಎಂಬ ಹೆಸರಿನಲ್ಲಿ ವ್ಯಾನ್ಸಾಂ ಬೆಲೋರ್ಜೆ ಎಂಬಾತ ಹಾಡು ಮಾಡತೊಡಗಿದ. ಆತ ತನಗೊಂದು ಕಥೆ ಕಟ್ಟಿಕೊಂಡ. 1986ರಲ್ಲಿ ಒಬ್ಬ ಹುಡುಗ ಫೆರಾರಿ ಟೆಸ್ಟರೋಸಾ ಕಾರನ್ನು ಗುದ್ದಿಸಿಕೊಂಡು ಸತ್ತ, 2006ರಲ್ಲಿ ಜಾಂಬಿಯಾಗಿ, ಅಂದರೆ ನಡೆದಾಡುವ ಹೆಣವಾಗಿ ಎದ್ದು ಬಂದು ಸಂಗೀತ ಮಾಡುತ್ತಿದ್ದಾನೆ, ಅವನೇ ಕಾವಿನ್ಸ್ಕಿ. ನಗು ಬರುತ್ತೆ ಅಲ್ವಾ? ಬರಲಿ ಅಂತಲೇ ಮಾಡಿದ್ದು. ಇತ್ತ ನಾಂಟ್ ಊರಿನಲ್ಲಿ ದಾವಿದ್ ಗ್ರೆಲಿಯೆ ಎಂಬಾತ ಕಾಲೇಜ್ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ. ಅವನ ಸುತ್ತ ವ್ಯಾಲರಿ ಎಂಬ ಚಿಕ್ಕ ಬಳಗ ಇತ್ತು. ಅಮೆರಿಕದ ಹಳೇ ಟಿವಿ ಧಾರಾವಾಹಿ, ಸಿನಿಮಾ ನೋಡಿ ಬೆಳೆದ ಫ್ರೆಂಚ್ ಹುಡುಗರು ಇವರು. ಅವರು ಪ್ರೀತಿಸಿದ ಅಮೆರಿಕ ಟಿವಿ ಪೆಟ್ಟಿಗೆಯೊಳಗಿನ ಅಮೆರಿಕ.

2011ರಲ್ಲಿ ‘ಡ್ರೈವ್’ ಸಿನಿಮಾ ಬಂತು. ನಿಕೋಲಸ್ ವಿಂಡಿಂಗ್ ರೆಫ್ನ್ ನಿರ್ದೇಶನ. ಶುರುವಿನಲ್ಲಿ ಲಾಸ್ ಏಂಜಲೀಸಿನ ರಾತ್ರಿ, ಗುಲಾಬಿ ಬಣ್ಣದ ಅಕ್ಷರ, ಹಿಂದೆ ಕಾವಿನ್ಸ್ಕಿಯ ‘ನೈಟ್‌ಕಾಲ್’. ಅಲ್ಲಿಯ ತನಕ ಕೆಲವೇ ಜನರ ಗುಟ್ಟಾಗಿದ್ದದ್ದು ಅವತ್ತಿನಿಂದ ಎಲ್ಲರ ಕಿವಿಗೂ ಬಿತ್ತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮುಗಿಯುವ ದಿನ ಅದೇ ಹಾಡನ್ನು ಸ್ಟೇಡಿಯಂನಲ್ಲಿ ಹಾಡಿದರು. ಈ ಸಿನಿಮಾದ ಇನ್ನೊಂದು ಹಾಡು ನನಗೆ ಇವತ್ತಿನ ಮಾತಿಗೆ ಜಾಸ್ತಿ ಬೇಕಾದದ್ದು. ಕಾಲೇಜ್ ಮತ್ತು ಟೊರೊಂಟೋದ ಎಲೆಕ್ಟ್ರಿಕ್ ಯೂತ್ ಜೋಡಿ ಸೇರಿ ಮಾಡಿದ ‘ಎ ರಿಯಲ್ ಹೀರೋ’. ಕೇಳಿದರೆ 1984ರ ಕ್ಯಾಸೆಟ್ ಅನ್ನಬೇಕು, ಹಾಗಿದೆ. ಆದರೆ ಅದರ ಹಿಂದಿನ ಸ್ಫೂರ್ತಿ 2009ರ ಜನವರಿಯದು. ನ್ಯೂಯಾರ್ಕಿನ ಹಡ್ಸನ್ ನದಿ ಮೇಲೆ ವಿಮಾನ ಇಳಿಸಿ 155 ಜನರ ಜೀವ ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಬಗ್ಗೆ ಹಾಡು ಬರೆದವರ ಅಜ್ಜ ಆಡಿದ ಮಾತು ಅದಕ್ಕೆ ಬೀಜ. ಎರಡು ವರ್ಷದ ಹಿಂದಿನ ಪತ್ರಿಕೆ ಸುದ್ದಿ, ಮೂವತ್ತು ವರ್ಷ ಹಳೆಯದರಂತೆ ಕೇಳುತ್ತದೆ. ಹಳೆಯದು ಅನ್ನುವ ಭಾವನೆ ಹಾಡಿನ ವಿಷಯದಲ್ಲಿ ಇಲ್ಲ. ಹಾಗಾದರೆ ಎಲ್ಲಿದೆ?

ಅದಕ್ಕೆ ಯಂತ್ರದ ಹತ್ತಿರ ಹೋಗಬೇಕು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಮಜಾ ಇರುವುದೇ ಇಲ್ಲಿ.

ಹಳೇ ಸಿಂಥ್‌ನಲ್ಲಿ ಸದ್ದು ಹುಟ್ಟುವುದು ಆಸಿಲೇಟರಿನಿಂದ. ಅದು ವಿದ್ಯುತ್ತನ್ನು ಒಂದೇ ಸಮನೆ ಏರಿಳಿಸುತ್ತದೆ. ಏರಿಳಿಯುವ ಆಕಾರ ಗರಗಸದ ಹಲ್ಲಿನ ಹಾಗಿದ್ದರೆ ಸದ್ದು ಕಟುವಾಗಿರುತ್ತದೆ, ಜೇನುಹುಳದ ಗುಂಯ್ ಥರ. ಈಗ ಕೇಳಿಸುತ್ತೇನೆ. ಕಿವಿ ಚುಚ್ಚುತ್ತದೆ ಅಲ್ವಾ? ಈಗ ಈ ನಾಬ್ ನೋಡಿ. ಇದು ಫಿಲ್ಟರ್. ಎಡಕ್ಕೆ ತಿರುಗಿಸುತ್ತಾ ಹೋದರೆ ಮೇಲಿನ ಕಂಪನಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಯಾರೋ ನುಡಿಸಿದ ಹಾಗಾಯಿತು. ಬಲಕ್ಕೆ ತಿರುಗಿಸಿದರೆ ಬಾಗಿಲು ತೆರೆಯಿತು. ಸಿಂಥ್‌ವೇವ್‌ನಲ್ಲಿ ಅರ್ಧಕ್ಕರ್ಧ ನಾಟಕ ನಡೆಯುವುದು ಈ ಒಂದು ನಾಬಿನಲ್ಲಿ. ನಾಲ್ಕು ನಿಮಿಷದ ಹಾಡಿನಲ್ಲಿ ಸ್ವರ ಅದದೇ ಸುತ್ತುತ್ತಿರುತ್ತದೆ, ಫಿಲ್ಟರ್ ಮಾತ್ರ ನಿಧಾನಕ್ಕೆ ತೆರೆಯುತ್ತಾ ಹೋಗುತ್ತದೆ. ಏನೋ ಬರಲಿದೆ, ಏನೋ ಬರಲಿದೆ ಎಂದು ಕಿವಿ ಕಾಯುತ್ತದೆ. ಎಷ್ಟೋ ಸಲ ಏನೂ ಬರುವುದೇ ಇಲ್ಲ. ಮತ್ತೆ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಶ್ರುತಿ. 1970ರ ಮಿನಿಮೂಗ್ ಸಿಂಥ್ ಇರಲಿ, 1978ರ ಪ್ರಾಫೆಟ್ 5 ಸಿಂಥ್ ಇರಲಿ, ಇವುಗಳ ಆಸಿಲೇಟರುಗಳು ಶಾಖಕ್ಕೆ ಜಗ್ಗುತ್ತವೆ. ಒಳಗಿನ ಟ್ರಾನ್ಸಿಸ್ಟರ್ ಬಿಸಿಯಾದಂತೆ ಸ್ವರ ಜರುಗುತ್ತದೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಬಿಡಬೇಕು, ಆಮೇಲೆ ಶ್ರುತಿ ಮಾಡಬೇಕು. ಪ್ರಾಫೆಟ್‌ನಲ್ಲಿ ಇದಕ್ಕೆಂದೇ ‘ಟ್ಯೂನ್’ ಎಂಬ ಗುಂಡಿ ಇತ್ತು. ಒತ್ತಿದರೆ ತನ್ನ ಶ್ರುತಿ ತಾನೇ ಸರಿಮಾಡಿಕೊಳ್ಳುತ್ತಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ ಜರುಗುತ್ತಿತ್ತು. ಸ್ಟೇಜ್ ಮೇಲಿನ ದೀಪದ ಬಿಸಿಯಲ್ಲಿ ನುಡಿಸಿದವರಿಗೆ ಇದು ದೊಡ್ಡ ತಲೆನೋವು. ಕಂಪನಿಗಳಿಗೆ ದೊಡ್ಡ ದೋಷ.

ಆದರೆ ಕಿವಿಗೆ? ಎರಡು ಆಸಿಲೇಟರುಗಳನ್ನು ಒಂದೇ ಸ್ವರಕ್ಕೆ ಇಟ್ಟುಕೊಳ್ಳಿ. ಒಂದು ಸೆಕೆಂಡಿಗೆ 220 ಸಲ ಕಂಪಿಸುತ್ತದೆ, ಇನ್ನೊಂದು 220.5 ಸಲ. ಆಗ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ಯಾರೂ ಏನೂ ಮಾಡದೆ ಉಸಿರಾಡುತ್ತದೆ. ತಂಬೂರಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವಿನ ಎರಡು ತಂತಿಗೂ ಒಂದೇ ಸ. ಆದರೂ ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದರಿಂದಲೇ ಸದ್ದು ಸುತ್ತುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಎಷ್ಟು ಸರಿಯಾಗಿದ್ದರೂ ಅದರ ಪಕ್ಕ ತಂಬೂರಿ ಮೀಟಿದ ಕೂಡಲೇ ಸಭೆ ಕಿವಿ ನಿಮಿರಿಸುವುದು ಯಾಕೆ? ಇದೇ ಕಾರಣಕ್ಕೆ.

ಇದರ ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ರೋಲ್ಯಾಂಡ್ ಕಂಪನಿ 1982ರಲ್ಲಿ ಜೂನೋ 60 ತಂದಿತು, 1984ರಲ್ಲಿ ಜೂನೋ 106. ಅಗ್ಗದ ಸಿಂಥ್‌ಗಳು. ಒಂದು ಸ್ವರಕ್ಕೆ ಒಂದೇ ಆಸಿಲೇಟರ್. ಅದೂ ಡಿಜಿಟಲ್ ಗಡಿಯಾರದ ಹಿಡಿತದಲ್ಲಿರುವ ಆಸಿಲೇಟರ್, ಶ್ರುತಿ ಜರುಗುವುದಿಲ್ಲ. ತೊಂದರೆ ನೀಗಿತು, ಆದರೆ ಸದ್ದು ಬಡವಾಯಿತು. ಅದಕ್ಕೆ ಅವರು ಕೋರಸ್ ಸೇರಿಸಿದರು. ಸದ್ದನ್ನು ಕವಲೊಡೆಸಿ, ಒಂದು ಕವಲನ್ನು ಕೆಲವು ಮಿಲಿಸೆಕೆಂಡ್ ತಡ ಮಾಡಿ, ಆ ತಡವನ್ನು ಹಿಂದೆ ಮುಂದೆ ತೂಗುವುದು. ಕೇಳುವವರಿಗೆ ಶ್ರುತಿ ಸ್ವಲ್ಪ ಸ್ವಲ್ಪ ತೇಲಿದ ಹಾಗೆ ಆಗುತ್ತದೆ. ತಡ ಮಾಡಲು ಬಳಸಿದ ಚಿಪ್ಪಿನಲ್ಲಿ ವಿದ್ಯುತ್ತು ಒಂದು ಕೋಶದಿಂದ ಮುಂದಿನ ಕೋಶಕ್ಕೆ ದಾಟುತ್ತಾ ಹೋಗುತ್ತದೆ. ಬೆಂಕಿ ಆರಿಸುವಾಗ ಜನ ಸಾಲಾಗಿ ನಿಂತು ಬಕೆಟ್ ದಾಟಿಸುತ್ತಾರಲ್ಲ, ಆ ಚಿಪ್ಪಿಗೆ ಬಕೆಟ್ ಬ್ರಿಗೇಡ್ ಎಂಬ ಹೆಸರು ಬಂದದ್ದೂ ಅದರಿಂದಲೇ. ದಾಟಿಸುವಾಗ ಒಂದಿಷ್ಟು ಚೆಲ್ಲುತ್ತದೆ. ಸದ್ದು ಮಬ್ಬಾಗುತ್ತದೆ, ಹಿಂದೆ ಸಣ್ಣಗೆ ಹಿಸ್ ಎನ್ನುತ್ತದೆ.

ಅಂದರೆ ಏನಾಯಿತು? ಒಂದು ದೋಷ ತೆಗೆದರು. ಸದ್ದಿನ ಜೀವ ಹೋಯಿತು. ಅದೇ ದೋಷವನ್ನು ಇನ್ನೊಂದು ದಾರಿಯಿಂದ ಗುಂಡಿ ಮಾಡಿ ವಾಪಸ್ ತಂದರು. ಜೂನೋದ ಆ ಕೋರಸ್ ಗುಂಡಿಗಳು ಇವತ್ತಿಗೂ ಸಿಂಥ್‌ವೇವ್ ಮಾಡುವವರ ದೇವರ ಕೋಣೆ. ಈಗಿನ ಸಾಫ್ಟ್‌ವೇರ್ ಸಿಂಥ್‌ಗಳನ್ನು ತೆರೆದು ನೋಡಿ. ಶ್ರುತಿ ಎಷ್ಟು ಜರುಗಬೇಕು ಅಂತ ಒಂದು ನಾಬ್ ಇರುತ್ತದೆ. ಕೆಲವದರಲ್ಲಿ ಆ ಹಿಸ್ ಎಷ್ಟಿರಬೇಕು ಅಂತಲೂ. 1982ರಲ್ಲಿ ಎಂಜಿನಿಯರುಗಳು ಮುಚ್ಚಲು ಪಟ್ಟ ಪಾಡು ಇವತ್ತು ಬೆಲೆ ಕೊಟ್ಟು ಕೊಳ್ಳುವ ಸವಲತ್ತು.

ಈಗ ಮನಸ್ಸು ಭಾರವಾಗುವುದಕ್ಕೆ ಬನ್ನಿ. ಗಟ್ಟಿಯಾಗಿ ನಿಂತ ಸ್ವರ ಖಚಿತವಾಗಿ ಕೇಳುತ್ತದೆ. ಅಲುಗಾಡುವ ಸ್ವರ ಅನುಮಾನದಲ್ಲಿರುವ ಹಾಗೆ ಕೇಳುತ್ತದೆ. ಮುಚ್ಚಿದ ಫಿಲ್ಟರ್ ದೂರ ಎನಿಸುತ್ತದೆ. ದೂರ, ಅನುಮಾನ, ಕಾಯುವಿಕೆ. ಇವಿಷ್ಟು ಸೇರಿದರೆ ಯಾವ ನೆನಪೂ ಬೇಕಾಗಿಲ್ಲ. ಹದಿನೆಂಟರ ಹುಡುಗಿಗೂ ಗಂಟಲು ಕಟ್ಟುತ್ತದೆ. ಆಮೇಲೆ ಅವಳು ಅದಕ್ಕೊಂದು ಕಾರಣ ಹುಡುಕುತ್ತಾಳೆ. ಪರದೆ ಮೇಲೆ ತಾಳೆ ಮರ, ಪಟ್ಟೆ ಪಟ್ಟೆ ಸೂರ್ಯ, ನೇರಳೆ ಆಕಾಶ ಇರುತ್ತದೆ. ಓಹೋ, ನನಗೆ ಎಂಬತ್ತರ ದಶಕ ನೆನಪಾಗುತ್ತಿದೆ ಎಂದುಕೊಳ್ಳುತ್ತಾಳೆ. ಭಾವ ಮೊದಲು ಬಂತು, ನೆನಪು ಆಮೇಲೆ ಹೊಲಿದ ಅಂಗಿ.

ಡ್ರಮ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈ ಹಾಡುಗಳಲ್ಲಿ ಸ್ನೇರ್ ಡ್ರಮ್ ಹೊಡೆದಾಗ ದೊಡ್ಡ ಹಾಲ್‌ನಲ್ಲಿ ಹೊಡೆದ ಹಾಗೆ ‘ಧಡ್’ ಎಂದು ಹರಡಿ, ಥಟ್ಟನೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಗೇಟೆಡ್ ರಿವರ್ಬ್ ಎನ್ನುತ್ತಾರೆ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಬ್ರಿಟಿಷ್ ಗಾಯಕ ಪೀಟರ್ ಗೇಬ್ರಿಯಲ್‌ನ ಮೂರನೇ ಆಲ್ಬಂ ರೆಕಾರ್ಡ್ ಆಗುತ್ತಿದ್ದಾಗ ಹುಟ್ಟಿದ್ದು. ಡ್ರಮ್ ಹಿಂದೆ ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಡ್‌ಗ್ಯಾಮ್. ಕೋಣೆಯೊಳಗಿರುವ ಕಲಾವಿದರ ಮಾತು ಎಂಜಿನಿಯರಿಗೆ ಕೇಳಲಿ ಅಂತ ಮೇಲೆ ಒಂದು ಮೈಕ್ ಕಟ್ಟಿರುತ್ತಾರೆ. ಪಿಸುಮಾತೂ ಕೇಳಬೇಕು, ಕೂಗಿದರೆ ಕಿವಿ ಹೋಗಬಾರದು, ಅದಕ್ಕೆ ಆ ಮೈಕಿಗೆ ಸದ್ದನ್ನು ಬಿಗಿಯಾಗಿ ಒತ್ತಿಹಿಡಿಯುವ ಕಂಪ್ರೆಸರ್ ಇರುತ್ತದೆ. ಆ ಮೈಕ್ ತೆರೆದಿದ್ದಾಗ ಕಾಲಿನ್ಸ್ ಡ್ರಮ್ ಬಾರಿಸಿದ. ಸ್ಪೀಕರಿನಲ್ಲಿ ಬಂದದ್ದು ಯಾರೂ ಕೇಳದ ಸದ್ದು. ಅದನ್ನು ಹಿಡಿದು ಹಾಡಿಗೆ ಹಾಕಿದರು. ಮಾತಾಡುವ ಮೈಕ್ ಅದು! ಸಂಗೀತಕ್ಕೆ ಬಳಸುವುದೇ ಅಲ್ಲ. ಆಲ್ಬಂ 1980ರಲ್ಲಿ ಬಂತು, ಮುಂದಿನ ಹತ್ತು ವರ್ಷ ಪಾಪ್ ಲೋಕದಲ್ಲಿ ಎಲ್ಲಿ ನೋಡಿದರೂ ಅದೇ ಧಡ್. ಇಷ್ಟು ದೊಡ್ಡ ಜಾಗ, ಅದೂ ಕ್ಷಣದಲ್ಲಿ ಮಾಯ. ನಿಜವಾದ ಯಾವ ಕೋಣೆಯೂ ಹಾಗೆ ಕೇಳುವುದಿಲ್ಲ. ಇಲ್ಲದ ಜಾಗದ ಸದ್ದು.

ಇನ್ನು ಸಿನಿಮಾ. ಈ ಸಂಗೀತದ ತಾಯಿಬೇರು ಪಾಪ್ ಹಾಡಿನಲ್ಲಿ ಅರ್ಧ ಇದ್ದರೆ ಇನ್ನರ್ಧ ಸಿನಿಮಾದಲ್ಲಿದೆ. ಬರ್ಲಿನ್ನಿನ ಟ್ಯಾಂಜರಿನ್ ಡ್ರೀಮ್ ತಂಡ 1981ರಲ್ಲಿ ‘ಥೀಫ್’ ಚಿತ್ರಕ್ಕೆ ಮಾಡಿದ ಸಂಗೀತ ಕೇಳಿದರೆ ಸಿಂಥ್‌ವೇವ್ ಅಂಗಡಿಯ ಅರ್ಧ ಮಾಲು ಅಲ್ಲೇ ಸಿಗುತ್ತದೆ. ಅಭಿಮಾನಿಗಳು ಅಜ್ಜನ ಜಾಗದಲ್ಲಿ ಕೂರಿಸಿರುವುದು ಮಾತ್ರ ಜಾನ್ ಕಾರ್ಪೆಂಟರ್‌ನನ್ನು. ಸಿನಿಮಾ ನಿರ್ದೇಶಕ ಆತ. ಆರ್ಕೆಸ್ಟ್ರಾ ಕರೆಸಲು ದುಡ್ಡಿಲ್ಲ, ಹಾಗಾಗಿ ತಾನೇ ಸಿಂಥ್ ನುಡಿಸಿ ಸಂಗೀತ ಕೂರಿಸಿಕೊಂಡ. 1978ರ ‘ಹ್ಯಾಲೋವೀನ್’ ಚಿತ್ರದ ಆ ಪಿಯಾನೋ ತುಣುಕು ಐದರ ಎಣಿಕೆಯಲ್ಲಿದೆ. ಸಂಗೀತದ ಮೇಷ್ಟರಾಗಿದ್ದ ಅಪ್ಪ ಚಿಕ್ಕವನಿದ್ದಾಗ ಬೊಂಗೋ ಮೇಲೆ ಹೇಳಿಕೊಟ್ಟ ಲಯ. ನಮ್ಮ ಐದೆಣಿಕೆಯ ಖಂಡಚಾಪು ತಾಳ ಹಾಕಿ ಅಭ್ಯಾಸ ಇದ್ದವರು ಒಮ್ಮೆ ತೊಡೆ ತಟ್ಟಿ ನೋಡಿ, ನಿಮಗೆ ಅದು ಅಷ್ಟೇನೂ ಭಯ ಹುಟ್ಟಿಸಲಾರದು! ನಾಲ್ಕರಲ್ಲೇ ಬೆಳೆದ ಕಿವಿಗೆ ಮಾತ್ರ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ತಪ್ಪಿದ ಹಾಗೆ.

ಕಾರ್ಪೆಂಟರ್ ಹೆಸರು ಯಾಕೆ ಎತ್ತಿದೆ ಎಂದರೆ ಅಭಿಮಾನಿಗಳು ಏನು ಮಾಡಬಲ್ಲರು ಎಂದು ತೋರಿಸಲು. ಸಿನಿಮಾ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿ ಮನೆಯಲ್ಲಿ ವೀಡಿಯೋ ಗೇಮ್ ಆಡಿಕೊಂಡಿದ್ದ ಮನುಷ್ಯ. 2015ರಲ್ಲಿ ಯಾವ ಸಿನಿಮಾಗೂ ಸೇರದ ಸಂಗೀತದ್ದೇ ಒಂದು ಆಲ್ಬಂ ತಂದ. ಮುಂದಿನ ವರ್ಷ, 68ನೇ ವಯಸ್ಸಿನಲ್ಲಿ, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಊರೂರು ಸುತ್ತಿ ಸ್ಟೇಜ್ ಮೇಲೆ ನುಡಿಸಿದ. ಸಭೆಯಲ್ಲಿ ಅವನ ಸಿನಿಮಾ ಬಂದಾಗ ಹುಟ್ಟದೇ ಇದ್ದವರೂ ತುಂಬಿದ್ದರು.

ಗ್ರೀಸಿನ ಸಂಗೀತಗಾರ ವ್ಯಾಂಜೆಲಿಸ್‌ನದು ಇನ್ನೊಂದು ಕಥೆ. 1982ರ ‘ಬ್ಲೇಡ್ ರನ್ನರ್’ ಚಿತ್ರದಲ್ಲಿ ಆತ ಯಮಹಾ ಸಿಎಸ್ 80 ಎಂಬ ಸಿಂಥ್ ನುಡಿಸಿದ. ಸುಮಾರು ನೂರು ಕೆಜಿ ತೂಕದ ಯಂತ್ರ. ನುಡಿಸುವುದಕ್ಕಿಂತ ಮಹಡಿ ಹತ್ತಿಸುವುದೇ ಕಷ್ಟ. ಆದರೆ ಅದರ ಒಂದೊಂದು ಕೀಯೂ ಬೆರಳಿನ ಒತ್ತಡವನ್ನು ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಸ್ವರ ಹಿಡಿದ ಮೇಲೆ ಒತ್ತಿದರೆ ಆ ಸ್ವರ ಮಾತ್ರ ಉಬ್ಬುತ್ತದೆ, ಮೇಲಿರುವ ಪಟ್ಟಿ ಮೇಲೆ ಬೆರಳು ಜಾರಿಸಿದರೆ ಸ್ವರವೂ ಜಾರುತ್ತದೆ. ಜಾರು ಹಾಕಲು ಬರುವ ಕೀಬೋರ್ಡ್! ಕರ್ನಾಟಕ ಸಂಗೀತ ನುಡಿಸುವವರು ಇದಕ್ಕೆ ಎಷ್ಟು ಆಸೆಪಟ್ಟಿರಬೇಡ. ಆ ಸಿನಿಮಾದ ಸಂಗೀತದ ಅಸಲಿ ರೆಕಾರ್ಡ್ 1994ರ ತನಕ ಹೊರಗೆ ಬರಲೇ ಇಲ್ಲ. 1982ರಲ್ಲಿ ಅಂಗಡಿಗೆ ಬಂದದ್ದು ಬೇರೊಂದು ಆರ್ಕೆಸ್ಟ್ರಾ ನುಡಿಸಿದ ಆವೃತ್ತಿ. ಹನ್ನೆರಡು ವರ್ಷ ಅಭಿಮಾನಿಗಳು ಕಳ್ಳ ಕ್ಯಾಸೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕಾಪಿಯ ಕಾಪಿ. ಪ್ರತಿ ಸಲವೂ ಇನ್ನಷ್ಟು ಹಿಸ್, ಇನ್ನಷ್ಟು ಅಲುಗಾಟ. ಆ ಮಬ್ಬು ಸದ್ದೇ ಕೆಲವರಿಗೆ ಅಸಲಿಗಿಂತ ರುಚಿಯಾಯಿತು.

ನಮ್ಮ ಕಡೆಗೆ ಬರೋಣ. ಇಲ್ಲಿ ಕೂತಿರುವ ನಲವತ್ತು ಐವತ್ತು ದಾಟಿದವರು ಕೇಳಬಹುದು, ನಮಗೆ ನಿಜವಾಗಲೂ ನೆನಪಿದೆಯಲ್ಲ ಮಾರಾಯ, ಅದನ್ನು ಹೇಗೆ ಅಲ್ಲಗಳೆಯುತ್ತೀಯ ಅಂತ. ಒಪ್ಪುತ್ತೇನೆ. 1987ರ ‘ಪ್ರೇಮಲೋಕ’ದ ಕ್ಯಾಸೆಟ್ ಸವೆಯುವ ತನಕ ಕೇಳಿದವರಿಗೆ ಹಂಸಲೇಖ ಅವರ ಆ ಕೀಬೋರ್ಡು, ಆ ಡ್ರಮ್ ಸದ್ದು ಕೇಳಿದ ಕೂಡಲೇ ಒಂದು ಬೀದಿ, ಒಂದು ಟೇಪ್ ರೆಕಾರ್ಡರ್, ಒಬ್ಬರ ಮುಖ ಕಣ್ಣಿಗೆ ಬರುತ್ತದೆ. ಅದು ಅಪ್ಪಟ ನೆನಪು. ನಾನೂ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು. ಗಣೇಶೋತ್ಸವ, ರಾಜ್ಯೋತ್ಸವದ ಸ್ಟೇಜಿನಲ್ಲಿ ಆ ಹಾಡಿನ ಮೊದಲ ಎರಡು ಸ್ವರ ಬಿದ್ದ ಕೂಡಲೇ ಶಿಳ್ಳೆ ಹೇಗೆ ಬೀಳುತ್ತದೆ ಅಂತ ಗೊತ್ತು. ಆದರೆ ಗಮನಿಸಿ, ಆ ನೆನಪು ಖುಷಿಯದು. ನಮ್ಮ ಆರ್ಕೆಸ್ಟ್ರಾದ ಸಿಂಥ್ ಯಾವತ್ತೂ ಒಂಟಿತನದ ವಾದ್ಯ ಆಗಲಿಲ್ಲ. ಪಕ್ಕದಲ್ಲಿ ಪ್ಯಾಡ್ ಬಾರಿಸುವವನು, ಎದುರಿಗೆ ಇಡೀ ಬೀದಿ, ಹಿಂದೆ ಜನರೇಟರ್ ಗುಡುಗು. ಅದೇ ಕಾಲದ ಅದೇ ಜಾತಿಯ ಯಂತ್ರಗಳು. ಫಿಲ್ಟರ್ ಪೂರ್ತಿ ತೆರೆದು, ಜೋರಾಗಿ, ನಾಲ್ಕು ಜನರ ನಡುವೆ ನುಡಿಸಿದರೆ ಮೂಡ್ ಬೇರೆ.

ಮುಂಬೈಯ ಚರಣ್‌ಜಿತ್ ಸಿಂಗ್ ಬಗ್ಗೆ ಕೇಳಿದ್ದೀರಾ? ಹಿಂದಿ ಸಿನಿಮಾ ಸಂಗೀತದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಕಲಾವಿದ. 1982ರಲ್ಲಿ ರೋಲ್ಯಾಂಡ್‌ನ ಮೂರು ಯಂತ್ರ ಮುಂದಿಟ್ಟುಕೊಂಡ: ಜೂಪಿಟರ್ 8 ಸಿಂಥ್, ಟಿಬಿ 303 ಎಂಬ ಬೇಸ್ ಯಂತ್ರ, ಟಿಆರ್ 808 ಎಂಬ ಡ್ರಮ್ ಯಂತ್ರ. ಭೈರವ್, ಲಲಿತ್, ಭೂಪಾಲಿ, ತೋಡಿ ಹೀಗೆ ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ತಾಳದ ಮೇಲೆ ನುಡಿಸಿದ. ಎಚ್‌ಎಂವಿ ಹೊರತಂದಿತು. ಯಾರೂ ಕೊಳ್ಳಲಿಲ್ಲ. ಕೆಲವು ವರ್ಷದ ನಂತರ ಶಿಕಾಗೋದ ಹುಡುಗರು ಅದೇ 303 ಯಂತ್ರದಿಂದ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತದ ಪ್ರಕಾರವನ್ನೇ ಕಟ್ಟಿದರು. 2010ರಲ್ಲಿ ಈ ರೆಕಾರ್ಡ್ ಯುರೋಪಿನಿಂದ ಮತ್ತೆ ಬಂದಾಗ ಹಳೇ ಸಿಂಥ್ ಹುಚ್ಚರು ಬೆಚ್ಚಿಬಿದ್ದರು. ಇದನ್ನು ಆಗಲೇ ಮಾಡಿದವನೊಬ್ಬ ಮುಂಬೈಯಲ್ಲಿ ಇದ್ದಾನೆ! 2015ರಲ್ಲಿ ತೀರಿಕೊಳ್ಳುವ ಮುಂಚೆ ಆತ ವಿದೇಶದ ಸ್ಟೇಜುಗಳಲ್ಲಿ ಅದನ್ನು ನುಡಿಸಿಯೂ ಆಯಿತು. ಭೈರವ್ ರಾಗದ ಕೋಮಲ ರಿಷಭ 303 ಯಂತ್ರದ ಜಾರುವ ಸದ್ದಿನಲ್ಲಿ ಬಂದಾಗ ಬೆಳಗಿನ ರಾಗ ನಡುರಾತ್ರಿಗೆ ಬಂದು ನಿಲ್ಲುತ್ತದೆ. ರಾಗದ ಹೊತ್ತನ್ನೇ ಯಂತ್ರ ಬದಲಾಯಿಸಿತು ಎಂದು ನನಗೆ ಅನ್ನಿಸುತ್ತದೆ. ಪಂಡಿತರು ಜಗಳಕ್ಕೆ ಬರಬಹುದು, ಬರಲಿ.

ಅಭಿಮಾನಿಗಳ ಬಗ್ಗೆ ಹೇಳುತ್ತೇನೆ. ಇವರಲ್ಲಿ ಎಲ್ಲಕ್ಕಿಂತ ನನಗೆ ಇಷ್ಟವಾಗುವವರು ರಿಪೇರಿಯವರು. ಜೂನೋ 106ರ ಒಳಗೆ ಸ್ವರಕ್ಕೊಂದರಂತೆ ಆರು ವಾಯ್ಸ್ ಚಿಪ್ಪುಗಳಿವೆ. ರೋಲ್ಯಾಂಡ್ ಅವುಗಳಿಗೆ ಕಪ್ಪು ರಾಳದ ಹೊದಿಕೆ ಹಾಕಿತ್ತು. ವರ್ಷಗಳು ಕಳೆದಂತೆ ಆ ಹೊದಿಕೆಯಲ್ಲೇ ವಿದ್ಯುತ್ತು ಸೋರತೊಡಗುತ್ತದೆ. ಒಂದು ಸ್ವರ ಗೊರಗೊರ ಎನ್ನುತ್ತದೆ, ಇನ್ನೊಂದು ನಿಲ್ಲುವುದೇ ಇಲ್ಲ. ಅದಕ್ಕೆ ಅಭಿಮಾನಿಗಳು ಕಂಡುಕೊಂಡ ಮದ್ದು ಅಸಿಟೋನ್. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಇರುತ್ತದಲ್ಲ, ಅದೇ. ಚಿಪ್ಪನ್ನು ಬೋರ್ಡಿನಿಂದ ಕಳಚಿ, ಗಾಜಿನ ಸೀಸೆಯಲ್ಲಿ ಅಸಿಟೋನ್ ಹಾಕಿ ನೆನೆಸಿಡುತ್ತಾರೆ. ರಾಳ ಮೆತ್ತಗಾದ ಮೇಲೆ ನಿಧಾನಕ್ಕೆ ಸಿಪ್ಪೆ ಎಬ್ಬಿಸಿ, ಮತ್ತೆ ಬೆಸುಗೆ ಹಾಕುತ್ತಾರೆ. ಕೈ ನಡುಗಿದರೆ ಕಾಲು ಮುರಿಯುತ್ತದೆ, ಚಿಪ್ಪಿನ ಕಾಲು. ಸರಿಯಾದರೆ ಆರು ಸ್ವರವೂ ಎದ್ದು ಕೂರುತ್ತವೆ. ಇದನ್ನು ಮಾಡುವವರು ಎಂಜಿನಿಯರುಗಳೇ ಆಗಬೇಕಿಲ್ಲ. ಪ್ರೀತಿ ಇದ್ದವರು, ತಾಳ್ಮೆ ಇದ್ದವರು.

ಯಂತ್ರ ಕೊಳ್ಳಲಾಗದವರು ಲ್ಯಾಪ್‌ಟಾಪಿನಲ್ಲಿ ಮಾಡುತ್ತಾರೆ. ಅವರೇ ಜಾಸ್ತಿ. ಈ ಸಂಗೀತ ಬಹುಮಟ್ಟಿಗೆ ಮಲಗುವ ಕೋಣೆಯಲ್ಲಿ ಹುಟ್ಟಿದ್ದು. ಒಬ್ಬರೇ ಕೂತು ರಾತ್ರಿ ಹೊತ್ತು ಮಾಡುವುದು, ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹಾಕುವುದು, ಇನ್ನೊಬ್ಬರು ಎಲ್ಲೋ ಒಬ್ಬರೇ ಕೂತು ಹೆಡ್‌ಫೋನಿನಲ್ಲಿ ಕೇಳುವುದು. ಹೆಸರುಗಳನ್ನು ನೋಡಿ: ಟೈಮ್‌ಕಾಪ್ 1983 ನೆದರ್‌ಲ್ಯಾಂಡ್ಸಿನವನು, ಪರ್ಟರ್ಬೇಟರ್ ಪ್ಯಾರಿಸಿನವನು, ಗನ್‌ಶಿಪ್ ಬ್ರಿಟನ್ನಿನ ತಂಡ, ಪವರ್ ಗ್ಲವ್ ಆಸ್ಟ್ರೇಲಿಯಾದ್ದು. ಹಾಡುಗಳಲ್ಲಿ ಮಾತ್ರ ಎಲ್ಲರ ಊರೂ ಲಾಸ್ ಏಂಜಲೀಸ್ ಅಥವಾ ಮಯಾಮಿ. ನಿಜವಾಗಲೂ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ತಂಡ ದಿ ಮಿಡ್‌ನೈಟ್. ಅದರಲ್ಲೂ ಇಬ್ಬರಲ್ಲಿ ಒಬ್ಬ ಡೆನ್ಮಾರ್ಕಿನವನು!

ಜಗಳಗಳೂ ಇವೆ. ಆಲ್ಬಂ ಚಿತ್ರಗಳಲ್ಲಿ ನೇರಳೆ ಗೆರೆಗಳ ಚೌಕಳಿ, ತಾಳೆ ಮರ, ಕಾರು ಸಾಕಪ್ಪ ಸಾಕು ಎಂದು ಅಭಿಮಾನಿಗಳೇ ಗೊಣಗುತ್ತಾರೆ. ಸರಿಯಾಗಿಯೇ ಗೊಣಗುತ್ತಾರೆ. ಒಂದೇ ಡ್ರಮ್, ಒಂದೇ ಬೇಸ್, ಒಂದೇ ಸೂರ್ಯಾಸ್ತ ಹಾಕಿ ಸಾವಿರ ಆಲ್ಬಂ ಬಂದಿವೆ. 2019ರ ಕೊನೆಗೆ ದಿ ವೀಕೆಂಡ್ ಎಂಬ ದೊಡ್ಡ ಪಾಪ್ ತಾರೆ ಇದೇ ಸದ್ದಿನಲ್ಲಿ ‘ಬ್ಲೈಂಡಿಂಗ್ ಲೈಟ್ಸ್’ ಹಾಡಿ ಜಗತ್ತನ್ನೇ ಕುಣಿಸಿದಾಗ ಹಳಬರಿಗೆ ಹೆಮ್ಮೆಯೂ ಆಯಿತು, ಕೈತಪ್ಪಿತು ಎಂಬ ಸಂಕಟವೂ ಆಯಿತು. ಇದಕ್ಕಿಂತ ಕೆಟ್ಟದ್ದೂ ನಡೆದಿದೆ. 2016ರ ಹೊತ್ತಿಗೆ ಅಮೆರಿಕದ ತೀವ್ರ ಬಲಪಂಥದ ಕೆಲವು ಗುಂಪುಗಳು ಇದೇ ಸದ್ದು, ಇದೇ ಬಣ್ಣ ಹಾಕಿ ತಮ್ಮ ಪ್ರಚಾರದ ವೀಡಿಯೋ ಮಾಡತೊಡಗಿದವು. ಆ ಕಾಲ ಚೆನ್ನಾಗಿತ್ತು ಎಂದು ಹೇಳಿದ ಕೂಡಲೇ ಯಾರಿಗೆ ಚೆನ್ನಾಗಿತ್ತು ಎಂಬ ಪ್ರಶ್ನೆ ಬರುತ್ತದೆ. ಎಂಬತ್ತರ ಅಮೆರಿಕದಲ್ಲಿ ಏಡ್ಸ್ ಇತ್ತು, ಮುಚ್ಚಿದ ಕಾರ್ಖಾನೆಗಳಿದ್ದವು, ಅಣುಬಾಂಬಿನ ಭಯ ಇತ್ತು. ನೇರಳೆ ಸೂರ್ಯಾಸ್ತದಲ್ಲಿ ಅವು ಯಾವುವೂ ಇಲ್ಲ. ಹೆಚ್ಚಿನ ಕಲಾವಿದರು ಆ ಗುಂಪುಗಳಿಂದ ದೂರ ನಿಂತರು. ಆದರೂ ಸದ್ದಿಗೆ ಬೇಲಿ ಹಾಕಲು ಆಗುವುದಿಲ್ಲವಲ್ಲ. ಕಾಲದ ಮೇಲಿನ ಮೋಹ ಎಂದು ಇದನ್ನು ಮಾರುವುದಕ್ಕಿಂತ ಸದ್ದಿನ ಮೇಲಿನ ಮೋಹ ಎಂದು ಒಪ್ಪಿಕೊಂಡರೆ ಕ್ಷೇಮ ಎಂದು ನಾನು ಹೇಳುವುದು ಇದಕ್ಕೂ ಸೇರಿಸಿ.

ಮೊದಲ ಸಲ ಕೇಳುವವರು ಎಲ್ಲಿಂದ ಶುರು ಮಾಡಬೇಕು ಎಂದು ಚೀಟಿ ಬಂದಿದೆ. ಮೊದಲು ಟ್ಯಾಂಜರಿನ್ ಡ್ರೀಮ್‌ನ ‘ಥೀಫ್’. ಆಮೇಲೆ ಕಾವಿನ್ಸ್ಕಿ. ಹಾಡು, ಸ್ಯಾಕ್ಸೋಫೋನ್ ಬೇಕೆನ್ನುವವರಿಗೆ ದಿ ಮಿಡ್‌ನೈಟ್‌ನ 2016ರ ‘ಎಂಡ್‌ಲೆಸ್ ಸಮ್ಮರ್’. ಗದ್ದಲ ಇಷ್ಟಪಡುವವರಿಗೆ ಪರ್ಟರ್ಬೇಟರ್, ಆದರೆ ಮನೆಯವರು ಮಲಗಿದ ಮೇಲೆ ಬೇಡ. ಕೊನೆಗೆ ಚರಣ್‌ಜಿತ್ ಸಿಂಗ್. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬೇಸ್ ಹೋಗುತ್ತದೆ, ಬೇಸ್ ಹೋದರೆ ಇದರಲ್ಲಿ ಉಳಿಯುವುದು ಕಡಿಮೆ. ಜೂನೋದ ನಕಲು ಮಾಡುವ ಸಾಫ್ಟ್‌ವೇರುಗಳಲ್ಲಿ ಪುಕ್ಕಟೆ ಸಿಗುವವೂ ಇವೆ. ಹಾಕಿಕೊಂಡು ಒಂದೇ ಸ್ವರ ಹಿಡಿದು ಕೋರಸ್ ಹಾಕಿ ತೆಗೆದು ಮಾಡಿ. ಅಷ್ಟು ತಾಳ್ಮೆ ಇಲ್ಲದವರು ಈಗಲೇ ಸ್ಟೇಜ್ ಹತ್ತಿರ ಬನ್ನಿ, ಕೀಬೋರ್ಡ್ ಆನ್ ಇದೆ. ಮಕ್ಕಳು ಮೊದಲು.